ಗಾಳಿ ಉಂಡು ಬದುಕದ ಗೋಸುಂಬೆ

ಪಕ್ಷ ಬದಲಿಸಿದ ರಾಜಕಾರಣಿಯನ್ನು ಗೋಸುಂಬೆ ಎಂದು ಜರೆಯುವುದು ಕನ್ನಡದಲ್ಲಿ ಹಳೆಯ ರೂಢಿ. ಚುನಾವಣೆ ಹತ್ತಿರವಾದಂತೆ ಈ ಬೈಗುಳಕ್ಕೆ ಬೇಡಿಕೆಯೂ ಹೆಚ್ಚು. ಈ ಹೋಲಿಕೆಯಿಂದ ರಾಜಕಾರಣಿಗೆ ಏನೂ ನಷ್ಟವಾದಂತಿಲ್ಲ, ಅನ್ಯಾಯವಾಗಿರುವುದು ಗೋಸುಂಬೆಗೆ. ಕುಳಿತ ಜಾಗಕ್ಕೆ ತಕ್ಕಂತೆ ಅದು ವೇಷ ಬದಲಿಸುತ್ತದೆ ಎಂದು ಜನ ನಂಬಿದರು. ಅದು ಗಾಳಿ ಉಂಡು ಬದುಕುತ್ತದೆ ಎಂದೂ ನಂಬಿದರು. ಈ ನಂಬಿಕೆಗಳು ಪುಸ್ತಕದಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮನುಷ್ಯ ಈ ಪ್ರಾಣಿಯನ್ನು ಮನೆಗೆ ತಂದು ಪಂಜರದಲ್ಲಿಟ್ಟ. ಅವನ ತಿಳಿವಳಿಕೆಯ ತಪ್ಪಿಗೆ ಪ್ರಾಣ ತೆತ್ತದ್ದು ಗೋಸುಂಬೆ.

ಇಂದು ಯೂರೋಪ್ ಮತ್ತು ಅಮೆರಿಕದಲ್ಲಿ ಗೋಸುಂಬೆ ಅನೇಕರ ಮನೆಯ ಸಾಕುಪ್ರಾಣಿ. ಅಲ್ಲಿನ ಪಂಜರಗಳಲ್ಲೇ ಅದು ಮೊಟ್ಟೆಯಿಟ್ಟು ಮರಿ ಮಾಡುತ್ತಿದೆ. ನಾಲ್ಕೈದು ದಶಕಗಳ ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಹಡಗು, ವಿಮಾನಗಳಲ್ಲಿ ಬಂದ ಗೋಸುಂಬೆಗಳಲ್ಲಿ ಹೆಚ್ಚಿನವು ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಸಾಯುತ್ತಿದ್ದವು. ಈ ಬದಲಾವಣೆಯ ಹಿಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಕಥೆಯಿದೆ.

ನೆಲದ ಸಿಂಹ

ಇಂಗ್ಲಿಷಿನ 'ಕಮೀಲಿಯನ್' ಎಂಬ ಹೆಸರಿನ ಮೂಲ ಗ್ರೀಕ್ ಭಾಷೆ. ಅರ್ಥ 'ನೆಲದ ಸಿಂಹ'. ಮರದ ಮೇಲೆಯೇ ಬಾಳು ಸವೆಸುವ ಪ್ರಾಣಿಗೆ ಇಂಥ ಹೆಸರು ಬಂದದ್ದು ಸೋಜಿಗ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ತತ್ವಜ್ಞಾನಿ ಅರಿಸ್ಟಾಟಲ್ ಇದನ್ನು ವಿವರವಾಗಿ ಬಣ್ಣಿಸಿದ. ಎಲ್ಲ ದಿಕ್ಕಿಗೂ ಹೊರಳುವ ಕಣ್ಣು, ಇಕ್ಕಳದಂತೆ ಎರಡಾಗಿ ಸೀಳಿದ ಪಾದ, ಉಬ್ಬಿದಾಗ ಬದಲಾಗುವ ಬಣ್ಣ ಇವೆಲ್ಲ ಅವನ ಬರಹದಲ್ಲಿವೆ. ಕಣ್ಣಾರೆ ಕಂಡವರ ಮಾತು ಅದು ಎಂಬುದರಲ್ಲಿ ಅನುಮಾನವಿಲ್ಲ.

ನಾಲ್ಕು ಶತಮಾನಗಳ ನಂತರ ರೋಮಿನ ಪ್ಲಿನಿ ಬರೆದ ಮಾತಿಗೆ ಇಂಥ ಆಧಾರವಿರಲಿಲ್ಲ. ಅನ್ನನೀರುಗಳ ಹಂಗಿಲ್ಲದೆ ಬರೀ ಗಾಳಿಯಿಂದ ಬದುಕುವ ಏಕೈಕ ಪ್ರಾಣಿ ಗೋಸುಂಬೆ ಎಂದು ಅವನು ಬರೆದ. ಈ ಮಾತು ಎಷ್ಟು ಬೇರುಬಿಟ್ಟಿತೆಂದರೆ, ಸುಮಾರು 1600ರಲ್ಲಿ ಶೇಕ್ಸ್‌ಪಿಯರ್ ಬರೆದ 'ಹ್ಯಾಮ್ಲೆಟ್' ನಾಟಕದಲ್ಲೂ ರಾಜಕುಮಾರ ಗೋಸುಂಬೆಯ ಗಾಳಿಯೂಟದ ಬಗ್ಗೆ ವ್ಯಂಗ್ಯವಾಡುತ್ತಾನೆ.

ಈ ನಂಬಿಕೆಗೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಗೋಸುಂಬೆಯ ಶ್ವಾಸಕೋಶ ದೊಡ್ಡದು. ಹೆದರಿದಾಗ ಅದು ಗಾಳಿ ತುಂಬಿಕೊಂಡು ಮೈ ಉಬ್ಬಿಸುತ್ತದೆ. ಹಲವು ದಿನ ಉಪವಾಸವಿದ್ದರೂ ತಕ್ಷಣ ಸಾಯುವುದಿಲ್ಲ. ತನ್ನ ದೇಹಕ್ಕಿಂತಲೂ ಉದ್ದದ ನಾಲಿಗೆಯನ್ನು ಚಾಚಿ ಹುಳು ಹಿಡಿಯುವ ಕ್ರಿಯೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ನೋಡಿದವನಿಗೆ ಕಾಣುವುದು ತೆರೆದು ಮುಚ್ಚಿದ ಬಾಯಿ ಮಾತ್ರ.

ಪ್ಯಾರಿಸಿನ ಎರಡು ಮನೆಗಳು

ಹದಿನೇಳನೆಯ ಶತಮಾನದ ಪ್ಯಾರಿಸಿನಲ್ಲಿ ಈ ಕಥೆಗೆ ತಿರುವು ಸಿಕ್ಕಿತು. 1666ರಲ್ಲಿ ಅಲ್ಲಿ ವಿಜ್ಞಾನ ಅಕಾಡೆಮಿ ಆರಂಭವಾಯಿತು. ಅದರ ಸದಸ್ಯ ಕ್ಲಾಡ್ ಪೆರೋ ವೃತ್ತಿಯಿಂದ ವೈದ್ಯ. ಲೂವ್ರ್ ಅರಮನೆಯ ಪ್ರಸಿದ್ಧ ಕಂಬಸಾಲಿನ ವಾಸ್ತುಶಿಲ್ಪಿಗಳಲ್ಲಿ ಒಬ್ಬ. ಸಿಂಡರೆಲ್ಲಾ ಕಥೆಯನ್ನು ಬರೆದ ಚಾರ್ಲ್ಸ್ ಪೆರೋನ ಅಣ್ಣ. ಈಜಿಪ್ಟಿನಿಂದ ಬಂದ ಗೋಸುಂಬೆಯೊಂದನ್ನು ಪೆರೋ ಮತ್ತು ಸಂಗಡಿಗರು ಬದುಕಿದ್ದಾಗ ಗಮನಿಸಿದರು, ಸತ್ತ ಮೇಲೆ ಕೊಯ್ದು ನೋಡಿದರು. 1669ರಲ್ಲಿ ವರದಿ ಅಚ್ಚಾಯಿತು. ಗಾಳಿಯೂಟದ ಮಾತನ್ನು ಅವರು ತಳ್ಳಿಹಾಕಿದರು. ಕುಳಿತ ವಸ್ತುವಿನ ಬಣ್ಣವನ್ನು ಗೋಸುಂಬೆ ತಳೆಯುತ್ತದೆ ಎಂಬ ನಂಬಿಕೆಯೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಇದೇ ಊರಿನ ಇನ್ನೊಂದು ಮನೆಯಲ್ಲಿ ಗೋಸುಂಬೆಗೆ ಬೇರೆಯದೇ ಸ್ವಾಗತ ಸಿಕ್ಕಿತು. ಕಾದಂಬರಿಗಾರ್ತಿ ಮದ್ಲೆನ್ ದ ಸ್ಕ್ಯುದೇರಿ ಅವರಿಗೆ 1672ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಗೋಸುಂಬೆಗಳು ಬಂದವು. ಅವರು ಅವುಗಳನ್ನು ಕೊಯ್ಯಲಿಲ್ಲ, ಸಾಕಿದರು. ದಿನವೂ ಗಮನಿಸಿದ್ದನ್ನು ಆಧರಿಸಿ ಬರೆದ 'ಎರಡು ಗೋಸುಂಬೆಗಳ ಕಥೆ' 1688ರಲ್ಲಿ ಪ್ರಕಟವಾಯಿತು. ಪ್ರಾಣಿಗಳೆಂದರೆ ಭಾವನೆಯಿಲ್ಲದ ಯಂತ್ರಗಳು ಎಂಬ ದೆಕಾರ್ತ್‌ನ ವಾದಕ್ಕೆ ವಿದ್ವಾಂಸರು ತಲೆದೂಗುತ್ತಿದ್ದ ಕಾಲ ಅದು. ಆ ವಾದವನ್ನು ಒಪ್ಪದ ಸ್ಕ್ಯುದೇರಿ ಗೋಸುಂಬೆಯನ್ನು ಮನೆಯ ಸದಸ್ಯನಂತೆ ಕಂಡರು.

ಆದರೂ ಅವರ ಗೋಸುಂಬೆಗಳು ಹೆಚ್ಚು ಕಾಲ ಬದುಕಲಿಲ್ಲ. ಪೆರೋನಿಗೆ ತಿಳಿವಳಿಕೆಯಿತ್ತು, ಸ್ಕ್ಯುದೇರಿಗೆ ಅಕ್ಕರೆಯಿತ್ತು. ಈಜಿಪ್ಟಿನ ಬಿಸಿಲನ್ನು ಪ್ಯಾರಿಸಿನ ಚಳಿಗಾಲಕ್ಕೆ ತರುವ ದಾರಿ ಇಬ್ಬರಿಗೂ ಗೊತ್ತಿರಲಿಲ್ಲ.

ಗಾಜು ತಡೆದ ಬಿಸಿಲು

ಜಗತ್ತಿನ ಮೊದಲ ಸರೀಸೃಪ ಗೃಹ 1849ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆಯಿತು. ಉಷ್ಣವಲಯದ ಪ್ರಾಣಿಗಳಿಗೆ ಬೇಕಾದದ್ದು ಶಾಖ ಎಂಬುದು ಆಗ ಎಲ್ಲರಿಗೂ ತಿಳಿದಿತ್ತು. ಒಲೆಯುರಿಸಿ ಕೋಣೆ ಬೆಚ್ಚಗಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಪ್ರಾಣಿಯನ್ನಿಟ್ಟರೆ ಸಾಕು ಎಂದುಕೊಂಡರು. ಬಿಸಿಲೆಂದರೆ ಶಾಖವಷ್ಟೇ ಅಲ್ಲ ಎಂಬುದು ಗೊತ್ತಾಗಲು ಇನ್ನೂ 70 ವರ್ಷ ಬೇಕಾಯಿತು. ಅದನ್ನು ತೋರಿಸಿಕೊಟ್ಟದ್ದು ಮನುಷ್ಯರ ಮಕ್ಕಳ ಕಾಯಿಲೆ.

ಯೂರೋಪಿನ ಕೈಗಾರಿಕಾ ನಗರಗಳಲ್ಲಿ ಮಕ್ಕಳ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ವ್ಯಾಪಕವಾಗಿತ್ತು. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಇಂಥ ಮಕ್ಕಳ ಮೇಲೆ ಅತಿನೇರಳೆ ಕಿರಣ ಬೀರುವ ದೀಪದ ಬೆಳಕು ಹಾಯಿಸಿ ಕಾಯಿಲೆ ಗುಣವಾಗುವುದನ್ನು ತೋರಿಸಿದರು. 1922ರಲ್ಲಿ ವಿಟಮಿನ್ 'ಡಿ' ಎಂಬ ಹೆಸರು ಬಂತು. ಚರ್ಮದ ಮೇಲೆ ಅತಿನೇರಳೆ ಕಿರಣ ಬಿದ್ದಾಗ ದೇಹ ಈ ವಿಟಮಿನ್ ತಯಾರಿಸಿಕೊಳ್ಳುತ್ತದೆ. ಅದಿಲ್ಲದೆ ತಿಂದ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ, ಮೂಳೆ ಮೆತ್ತಗಾಗುತ್ತದೆ. ಸಾಮಾನ್ಯ ಕಿಟಕಿಯ ಗಾಜು ಬೆಳಕನ್ನೂ ಶಾಖವನ್ನೂ ಒಳಬಿಟ್ಟು, ವಿಟಮಿನ್ ಉಂಟುಮಾಡುವ ಈ ಕಿರಣವನ್ನೇ ತಡೆಯುತ್ತದೆ. ಗಾಜಿನ ಹಿಂದೆ ಬೆಚ್ಚಗೆ ಕುಳಿತ ಪ್ರಾಣಿ ವಾಸ್ತವದಲ್ಲಿ ಕತ್ತಲಲ್ಲಿದ್ದಂತೆಯೇ.

ಈ ಅರಿವನ್ನು ಸರೀಸೃಪಗಳ ಮನೆಗೆ ತಂದವರಲ್ಲಿ ಮುಖ್ಯರು ಲಂಡನ್ ಮೃಗಾಲಯದ ಜೋನ್ ಪ್ರಾಕ್ಟರ್. ಬಾಲ್ಯದಿಂದ ಕಾಯಿಲೆಯಲ್ಲೇ ನರಳಿ 1931ರಲ್ಲಿ 34ನೇ ವಯಸ್ಸಿಗೆ ತೀರಿಕೊಂಡ ಈ ಮಹಿಳೆಯ ಯೋಜನೆಯಂತೆ 1927ರಲ್ಲಿ ಹೊಸ ಸರೀಸೃಪ ಗೃಹ ಸಿದ್ಧವಾಯಿತು. ಅತಿನೇರಳೆ ಕಿರಣವನ್ನು ಹಾಯಗೊಡುವ ವಿಶೇಷ ಗಾಜನ್ನು ಅಲ್ಲಿ ಬಳಸಲಾಯಿತು. ಶಾಖವನ್ನೂ ಎಲ್ಲೆಡೆ ಒಂದೇ ಸಮನೆ ಕೊಡದೆ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಒದಗಿಸಲಾಯಿತು. ಬೇಕಾದ ಪ್ರಾಣಿ ಬಿಸಿಗೆ ಬರಲಿ, ಸಾಕಾದರೆ ತಂಪಿಗೆ ಸರಿಯಲಿ ಎಂಬುದು ಇದರ ಮರ್ಮ.

ಹಿತ್ತಿಲಲ್ಲಿ ಚಿಗುರಿದ ಜೀವ

ದೊಡ್ಡ ಮೃಗಾಲಯದ ಈ ಪಾಠ ಸಾಮಾನ್ಯರ ಮನೆಗೆ ಬೇಗ ತಲುಪಲಿಲ್ಲ. ಮೀನು ಸಾಕುವಂಥ ಗಾಜಿನ ತೊಟ್ಟಿ, ಒಂದು ಬಲ್ಬು, ಒಂದು ಬಟ್ಟಲು ನೀರು ಇದೇ ಬಹುಕಾಲ ಗೋಸುಂಬೆಯ ಮನೆಯಾಗಿತ್ತು. ಬಟ್ಟಲಲ್ಲಿ ನೀರು ತುಂಬಿದ್ದರೂ ಗೋಸುಂಬೆ ಬಾಯಾರಿ ಸಾಯುತ್ತಿತ್ತು. ಏಕೆಂದರೆ ಅದು ಎಲೆಯ ಮೇಲಿನ ಇಬ್ಬನಿಯನ್ನೋ ಮಳೆಹನಿಯನ್ನೋ ಹೀರುವ ಪ್ರಾಣಿ. ನಿಂತ ನೀರನ್ನು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ.

ಈ ಸತ್ಯ ಹೊರಬಿದ್ದ ಒಂದು ಪ್ರಸಂಗ ನಡೆದದ್ದು ಪೆಸಿಫಿಕ್ ಸಾಗರದ ಹವಾಯಿಯಲ್ಲಿ. 1972ರಲ್ಲಿ ಅಲ್ಲಿನ ಒವಾಹು ದ್ವೀಪದ ಸಾಕುಪ್ರಾಣಿ ವ್ಯಾಪಾರಿಯೊಬ್ಬ ಕೀನ್ಯಾದಿಂದ ಕೆಲವು ಡಜನ್ ಜಾಕ್ಸನ್ ಗೋಸುಂಬೆಗಳನ್ನು ತರಿಸಿದ. ಗಂಡಿನ ಮೂತಿಯ ಮೇಲೆ ಮೂರು ಕೊಂಬಿರುವ ಜಾತಿ ಇದು. ಪ್ರಯಾಣದಲ್ಲಿ ಬತ್ತಿ ಬಡಕಲಾಗಿದ್ದ ಪ್ರಾಣಿಗಳು ಮಾರಾಟಕ್ಕೆ ಯೋಗ್ಯವಾಗಿರಲಿಲ್ಲ. ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಆತ ಅವುಗಳನ್ನು ತನ್ನ ಹಿತ್ತಿಲ ಗಿಡಗಳಲ್ಲಿ ಬಿಟ್ಟ. ಅವು ಚೇತರಿಸಿಕೊಂಡದ್ದಷ್ಟೇ ಅಲ್ಲ, ಅಲ್ಲಿಂದ ಹಬ್ಬಿ, ಜನರೂ ಹಿಡಿದು ಹಂಚಿ, ಬೇರೆ ದ್ವೀಪಗಳಲ್ಲೂ ನೆಲೆಯೂರಿದವು.

ಪೆಟ್ಟಿಗೆಯಲ್ಲಿ ಸಾಯುತ್ತಿದ್ದ ಜೀವ ಹಿತ್ತಿಲಲ್ಲಿ ಚಿಗುರಿದ್ದು ಹೇಗೆ? ಆಗಾಗ ಬೀಳುವ ಮಳೆ, ಎಲೆಯ ಮೇಲಿನ ಹನಿ, ಆಡುವ ಗಾಳಿ, ಹಗಲ ಬಿಸಿಲು, ತಂಪಾದ ಇರುಳು ಇವೆಲ್ಲ ಕೀನ್ಯಾದ ಬೆಟ್ಟದ ಹವೆಗೆ ಹತ್ತಿರವಾಗಿದ್ದವು. ಆದರೆ ಈ ಕಥೆಗೆ ಕಹಿಯಾದ ಇನ್ನೊಂದು ಮುಖವಿದೆ. ಹವಾಯಿಯಲ್ಲಿ ಮಾತ್ರ ಸಿಗುವ ಅಪರೂಪದ ಮರದ ಬಸವನಹುಳುಗಳನ್ನೂ ಕೀಟಗಳನ್ನೂ ಈ ಅತಿಥಿಗಳು ತಿನ್ನುತ್ತಿವೆ. ಸಾಕಿದ ಪ್ರಾಣಿಯನ್ನು ಹೊರಬಿಡುವುದು ಕರುಣೆಯಂತೆ ಕಂಡರೂ ಅದರ ಲೆಕ್ಕವನ್ನು ತೀರಿಸುವವರು ಬೇರೆ.

ಇತ್ತ ಕಾಡಿನಿಂದ ಹಿಡಿದು ತರುವುದಕ್ಕೂ ಕಡಿವಾಣ ಬಿತ್ತು. ಕೀನ್ಯಾ 1981ರಲ್ಲಿ ರಫ್ತು ನಿಲ್ಲಿಸಿತು. ಗೋಸುಂಬೆಗಳ ತವರೆನಿಸಿದ ಮಡಗಾಸ್ಕರ್‌ನಿಂದ ನಾಲ್ಕು ಜಾತಿಗಳನ್ನು ಬಿಟ್ಟು ಉಳಿದವುಗಳ ವ್ಯಾಪಾರ 1995ರಲ್ಲಿ ಸ್ಥಗಿತಗೊಂಡಿತು. ಸತ್ತರೆ ಇನ್ನೊಂದನ್ನು ತಂದರಾಯಿತು ಎನ್ನುವ ಕಾಲ ಮುಗಿಯುತ್ತ ಬಂತು. ಇದ್ದುದನ್ನು ಬದುಕಿಸಿ ಮರಿ ಮಾಡಿಸುವುದು ಅನಿವಾರ್ಯವಾಯಿತು.

ಗೋಸುಂಬೆಯೇ ಹೇಳಿದ ಉತ್ತರ

ಎಷ್ಟು ಬಿಸಿಲು ಕೊಡಬೇಕು? ಈ ಪ್ರಶ್ನೆಗೆ ಉತ್ತರವನ್ನು ಅಮೆರಿಕದ ಟೆಕ್ಸಾಸ್‌ನ ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಗೋಸುಂಬೆಯಿಂದಲೇ ಪಡೆದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನ ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯ ಮೇಲೆ ನಡೆದದ್ದು. ಆಹಾರದಲ್ಲಿ ವಿಟಮಿನ್ ಡಿ ಕಡಿಮೆಯಿದ್ದ ಪ್ರಾಣಿಗಳು ಅತಿನೇರಳೆ ಕಿರಣಕ್ಕೆ ಹೆಚ್ಚು ಮೈಯೊಡ್ಡಿದವು. ಹೆಚ್ಚಿದ್ದವು ದೂರ ಸರಿದವು. ತನಗೆಷ್ಟು ಬೇಕೆಂಬುದು ಪ್ರಾಣಿಗೇ ಗೊತ್ತು. ಆಯ್ಕೆಗೆ ಅವಕಾಶ ಕೊಡುವುದಷ್ಟೇ ಸಾಕುವವನ ಕೆಲಸ.

ಇಂದಿನ ಉತ್ತಮ ಪಂಜರ ಈ ತತ್ವದ ಮೇಲೆಯೇ ನಿಂತಿದೆ. ಅಗಲಕ್ಕಿಂತ ಎತ್ತರ ಹೆಚ್ಚು; ಬೆಳೆದ ಗೋಸುಂಬೆಗೆ ಎರಡಡಿ ಉದ್ದಗಲ, ನಾಲ್ಕಡಿ ಎತ್ತರ ಸಾಮಾನ್ಯ ಅಳತೆ. ಗಾಳಿಯಾಡಲು ಜಾಲರಿ. ಮೇಲೊಂದು ಅತಿನೇರಳೆ ಕಿರಣದ ಕೊಳವೆ ದೀಪ, ಒಂದು ಮೂಲೆಯಲ್ಲಿ ಮಾತ್ರ ಶಾಖದ ಬಲ್ಬು. ದೀಪ ಉರಿಯುತ್ತಿದ್ದರೂ ಅದರ ಅತಿನೇರಳೆ ಶಕ್ತಿ ತಿಂಗಳುಗಳು ಕಳೆದಂತೆ ಕುಂದುವುದರಿಂದ ಕಾಲಕಾಲಕ್ಕೆ ಬದಲಿಸುತ್ತಾರೆ. ಒಳಗೆ ದಾಸವಾಳ, ಮನಿ ಪ್ಲಾಂಟ್‌ನಂಥ ಜೀವಂತ ಗಿಡಗಳು. ಬೇಡವೆನಿಸಿದಾಗ ಮರೆಯಾಗಲು ಎಲೆಗಳ ದಟ್ಟಣೆ. ನೀರು ಬಟ್ಟಲಲ್ಲಿಲ್ಲ, ಎಲೆಯ ಮೇಲೆ ತುಂತುರಾಗಿ ಬೀಳುತ್ತದೆ, ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಇರುಳಲ್ಲಿ ಪೂರ್ಣ ಕತ್ತಲು, ತಂಪು.

ದಿನಚರಿಯೂ ಬದಲಾಗಿದೆ. ಚೆನ್ನಾಗಿ ಮೇಯಿಸಿದ ಮಿಡತೆ ಜಾತಿಯ ಹುಳುಗಳಿಗೆ ಸುಣ್ಣದ ಅಂಶದ ಪುಡಿ ಸವರಿ ಕೊಡುತ್ತಾರೆ. ವಿಟಮಿನ್ ಪುಡಿಯನ್ನು ಮಾತ್ರ ಅಳೆದು ಕೊಡಬೇಕು, ಅತಿಯಾದರೆ ಅದೂ ವಿಷವೇ. ಎರಡು ಗೋಸುಂಬೆಗಳನ್ನು ಒಂದೇ ಕಡೆ ಇಡುವುದಿಲ್ಲ. ಒಂಟಿ ಬಾಳೇ ಅದರ ಸ್ವಭಾವ. ಎತ್ತಿ ಮುದ್ದಿಸುವುದೂ ಅದಕ್ಕೆ ಹಿಂಸೆ. ಗುಳಿಬಿದ್ದ ಕಣ್ಣು ಬಾಯಾರಿಕೆಯ ಗುರುತಾಗಿರಬಹುದು. ಬಾಗಿದ ಕಾಲು, ಗುರಿ ಮುಟ್ಟದ ನಾಲಿಗೆ ಮೂಳೆ ಸೋತುದರ ಸೂಚನೆಯಾಗಿರಬಹುದು.

ಇನ್ನು ಬಣ್ಣದ ಮಾತು. ಜಿನೀವಾದ ವಿಜ್ಞಾನಿಗಳು 2015ರಲ್ಲಿ ಪ್ಯಾಂಥರ್ ಗೋಸುಂಬೆಯ ಚರ್ಮದಲ್ಲಿರುವ ಅತಿಸೂಕ್ಷ್ಮ ಹರಳುಗಳ ಗುಟ್ಟು ಬಿಡಿಸಿದರು. ಹರಳುಗಳ ನಡುವಿನ ಅಂತರ ಹಿಗ್ಗಿದಂತೆ, ಕುಗ್ಗಿದಂತೆ ಬಣ್ಣ ಬದಲಾಗುತ್ತದೆ. ಎದುರಾಳಿಯನ್ನು ಬೆದರಿಸಲು, ಸಂಗಾತಿಯನ್ನು ಸೆಳೆಯಲು ಹೊಳಪು, ಚಳಿಯ ಬೆಳಗಿನಲ್ಲಿ ಬಿಸಿಲು ಹೀರಲು ಕಪ್ಪು, ಹೆದರಿಕೆಗೂ ಕಪ್ಪು. ವೇಷ ಮರೆಸುವ ಪ್ರಾಣಿ ಎನಿಸಿಕೊಂಡದ್ದು ತನ್ನ ಮನಸ್ಸನ್ನು ಚರ್ಮದ ಮೇಲೆ ಬರೆದುಕೊಂಡು ತಿರುಗುತ್ತದೆ. ರಾಜಕಾರಣಿಗೆ ಹೋಲಿಸುವವರು ಇದನ್ನು ಗಮನಿಸಬೇಕು.

ಬೇಲಿಯೇ ಮನೆ

ಇಷ್ಟೆಲ್ಲ ಓದಿ ನಮ್ಮ ಬೇಲಿಯ ಗೋಸುಂಬೆಯನ್ನು ಮನೆಗೆ ತರುವ ಯೋಚನೆ ಬಂದರೆ ಅದಕ್ಕೆ ಅವಕಾಶವಿಲ್ಲ. ಭಾರತದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜಾತಿಗಳನ್ನು ಇಟ್ಟುಕೊಂಡವರೂ 2022ರ ತಿದ್ದುಪಡಿಯ ಪ್ರಕಾರ ಸರ್ಕಾರದಲ್ಲಿ ನೋಂದಾಯಿಸಬೇಕು.

ಕರ್ನಾಟಕದ ಬಯಲುಸೀಮೆಯಲ್ಲಿ ಜಾಲಿ, ಹುಣಸೆ, ಕುರುಚಲು ಬೇಲಿಗಳಲ್ಲಿ ಗೋಸುಂಬೆ ಇಂದಿಗೂ ಇದೆ. ಅಪಶಕುನವೆಂದೋ ವಿಷವೆಂದೋ ಅದನ್ನು ಕೊಲ್ಲುವವರಿದ್ದಾರೆ. ಅದಕ್ಕೆ ವಿಷವಿಲ್ಲ. ಮೊಟ್ಟೆಯಿಡಲು ಹೆಣ್ಣು ನೆಲಕ್ಕಿಳಿದು ಮಣ್ಣು ತೋಡುತ್ತದೆ. ಮುಂದೆ ಒಂದು ಹೆಜ್ಜೆ, ಹಿಂದೆ ಅರ್ಧ ಹೆಜ್ಜೆ ಎಂಬಂತೆ ತೂಗುತ್ತ ರಸ್ತೆ ದಾಟುವಾಗ ವಾಹನಗಳಿಗೆ ಸಿಕ್ಕಿ ಸಾಯುವುದೂ ಉಂಟು.

ತುಂತುರು ನೀರು, ಗಾಳಿ, ಬೇಕಾದಷ್ಟೇ ಬಿಸಿಲು, ಮರೆಗೆ ಎಲೆ. ದೂರದ ದೇಶಗಳಲ್ಲಿ ದೀಪ, ಕೊಳವೆ, ಜಾಲರಿಗಳಿಂದ ಕಷ್ಟಪಟ್ಟು ಕಟ್ಟುತ್ತಿರುವುದು ನಮ್ಮ ಹೊಲದ ಬೇಲಿಯ ಒಂದು ನಕಲನ್ನು. ಇಲ್ಲಿ ಅಸಲು ಇನ್ನೂ ಉಳಿದಿದೆ. ಅದನ್ನು ಕಡಿಯದೆ ಬಿಟ್ಟರೆ, ರಸ್ತೆ ದಾಟುವ ಜೀವಕ್ಕೆ ಒಂದು ನಿಮಿಷ ಗಾಡಿ ನಿಲ್ಲಿಸಿದರೆ, ಗೋಸುಂಬೆಗೆ ಬೇರೆ ಆರೈಕೆ ಬೇಕಿಲ್ಲ.