ಆತಂಕ, ಕಳವಳ, ಟೆನ್ಷನ್: ಪದದ ಮೂಲ ಮತ್ತು ಪ್ರಯೋಗದ ಸ್ತರ

ಮನಸ್ಸು ಕದಡಿದ ಸ್ಥಿತಿಯನ್ನು ಹೇಳುವ ಪದಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಅವುಗಳಲ್ಲಿ ಯಾವುದು ಶಿಷ್ಟ, ಯಾವುದು ಸಲುಗೆಯದು ಎಂಬುದನ್ನು ಪದದ ಮೂಲವಲ್ಲ, ಬಳಕೆಯ ಚರಿತ್ರೆ ನಿರ್ಧರಿಸುತ್ತದೆ.

ಹೊಯ್ಸಳರ ಕಾಲದಲ್ಲಿ, 13ನೆಯ ಶತಮಾನದಲ್ಲಿ, ಕೇಶಿರಾಜನ ‘ಶಬ್ದಮಣಿದರ್ಪಣ’ವು ತತ್ಸಮ, ತದ್ಭವ, ದೇಶ್ಯಗಳನ್ನು ಮೂಲದಿಂದ ವಿಂಗಡಿಸಿತು. ಈ ವಿಂಗಡಣೆಯಿಂದ ಪ್ರಯೋಗದ ಸ್ತರ ತಿಳಿಯದು. ‘ಆತಂಕ’, ‘ಚಿಂತೆ’ ಎರಡೂ ಸಂಸ್ಕೃತದಿಂದ ಬಂದವು. ಸಂಸ್ಕೃತದಲ್ಲಿ ‘ಆತಂಕ’ಕ್ಕೆ ರೋಗವೆಂಬ ಅರ್ಥವೂ ಉಂಟು, ಹಿಂದಿಯಲ್ಲಿ ಅದು ಭಯೋತ್ಪಾದನೆಯತ್ತ ಸರಿಯಿತು, ಕನ್ನಡದಲ್ಲಿ ಪತ್ರಿಕೆ, ಕಚೇರಿಗಳ ಪದವಾಯಿತು. ಆಲೋಚನೆಯೆಂಬ ಅರ್ಥದ ‘ಚಿಂತೆ’ಯಾದರೋ ಮನೆಮಾತಾಯಿತು. ಅಚ್ಚ ದೇಶ್ಯವಾದ ‘ಕಳವಳ’ ಇಂದು ಬರಹಕ್ಕೇ ಹೆಚ್ಚು ಒಗ್ಗಿದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಆಡುಮಾತಿನಲ್ಲಿ ಗಾಬರಿ, ದಿಗಿಲುಗಳ ಪಕ್ಕದಲ್ಲಿ ‘ಟೆನ್ಷನ್’ ನೆಲೆಸಿದೆ. ಇಂಗ್ಲಿಷಿನಲ್ಲಿ ಅದು ಬಿಗಿತವನ್ನು ಸೂಚಿಸುವ, ಶಾಸ್ತ್ರಗ್ರಂಥಗಳಿಗೂ ಸಲ್ಲುವ ಪದ. ಇಲ್ಲಿ ಸಲುಗೆಯ ಪದ. ‘ನಂಗೆ ಗಾಬ್ರಿ ಆಯ್ತು’, ‘ನಂಗೆ ಟೆನ್ಷನ್ ಆಯ್ತು’ ಎಂಬಲ್ಲಿ ಅನುಭವಿಸುವವರು ಚತುರ್ಥಿಯಲ್ಲಿದ್ದಾರೆ. ಭಾವ ತಾನಾಗಿ ಒದಗುತ್ತದೆ. ‘ಟೆನ್ಷನ್ ತಗೋಬೇಡ’ ಎಂದಾಗ ಅವರೇ ಕರ್ತೃಸ್ಥಾನಕ್ಕೆ ಬರುತ್ತಾರೆ. ಸಂತೈಸುವ ಮಾತೇ ಹೊಣೆಯನ್ನು ನೊಂದವರ ಮೇಲೆ ಹೊರಿಸುತ್ತದೆ.

ವೈದ್ಯರ ಮುಂದೆ ‘ಟೆನ್ಷನ್’ ಎಂದವರ ಸಂಕಟ, ‘ಆತಂಕ’ ಎಂದವರದಕ್ಕಿಂತ ಹಗುರವೆಂದು ಬಗೆಯಲಾಗದು. ಪದದ ಸ್ತರವು ಸಂದರ್ಭದ ಗುರುತು, ನೋವಿನ ಅಳತೆಗೋಲಲ್ಲ.