ಬಲೂನುಗಳ ಕೆಳಗಿನ ಚರಿತ್ರೆ

ಟರ್ಕಿಯ ಕಪಡೋಕಿಯಾದಲ್ಲಿ ಪ್ರವಾಸಿಗರ ದಿನ ಸೂರ್ಯನಿಗಿಂತ ಮೊದಲೇ ಆರಂಭವಾಗುತ್ತದೆ. ಮಾರ್ಗದರ್ಶಿಗಳು ಅವರನ್ನು ನಸುಕಿನಲ್ಲೇ ಗೋರೆಮೆಯ ದಿಬ್ಬಗಳ ಮೇಲೆ ತಂದು ನಿಲ್ಲಿಸುತ್ತಾರೆ. ನೆಲ ಕಾಯುವ ಮುನ್ನ ಗಾಳಿ ಶಾಂತವಾಗಿರುತ್ತದೆ. ಹೊರಗಿನ ಗಾಳಿ ತಣ್ಣಗಿದ್ದಷ್ಟೂ ಬಲೂನಿನೊಳಗಿನ ಬಿಸಿಗಾಳಿಯ ಎತ್ತುವ ಬಲ ಹೆಚ್ಚು. ಆದ್ದರಿಂದ ಅರುಣೋದಯವೇ ಬಲೂನುಗಳಿಗೆ ಸುಮುಹೂರ್ತ. 1783ರ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಮಾಂಟ್‌ಗೋಲ್ಫಿಯರ್ ಸೋದರರ ಬಲೂನು ಇಬ್ಬರನ್ನು ಹಗ್ಗದ ಹಿಡಿತವಿಲ್ಲದೆ ಮೇಲೇರಿಸಿದ್ದು ಇದೇ ತತ್ತ್ವದಿಂದ. ಅಂದಿನ ಹುಲ್ಲಿನ ಬೆಂಕಿಯ ಬದಲು ಇಂದು ಅನಿಲದ ಜ್ವಾಲೆ, ಅಷ್ಟೆ.

ಆಕಾಶದಿಂದ ಕಣ್ಣಿಳಿಸಿದರೆ ಕಾಣುವುದು ಬೇರೊಂದು ಚರಿತ್ರೆ. ಜ್ವಾಲಾಮುಖಿಯ ಬೂದಿ ಗಟ್ಟಿಗೊಂಡು ಆದ ಮೆದುಗಲ್ಲಿನಲ್ಲಿ ಬೈಜಾಂಟೈನ್ ಕಾಲದ ಕ್ರೈಸ್ತರು ಗುಡಿಗಳನ್ನು ಕೊರೆದು, ಗೋಡೆಗಳಿಗೆ ಚಿತ್ರ ಬರೆದರು. 1985ರಲ್ಲಿ ಯುನೆಸ್ಕೊ ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಆ ಸೀಮೆಯ ಕ್ರೈಸ್ತರು ನೆಲ ಬಿಟ್ಟು ಆರು ದಶಕಗಳಾಗಿದ್ದವು.

1923ರ ಜನವರಿ 30ರಂದು ಲೋಸಾನ್‌ನಲ್ಲಿ ಗ್ರೀಸ್ ಮತ್ತು ಟರ್ಕಿ ತಮ್ಮ ಪ್ರಜೆಗಳನ್ನೇ ವಿನಿಮಯ ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಅಳತೆಗೋಲು ಮತ, ನುಡಿಯಲ್ಲ. ಮನೆಯಲ್ಲಿ ತುರ್ಕಿಯನ್ನೇ ಆಡುತ್ತ, ಅದನ್ನೇ ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದ ಕರಮಾನ್ಲಿ ಕ್ರೈಸ್ತರೂ ಗ್ರೀಸಿಗೆ ಹೊರಡಬೇಕಾಯಿತು. ಗ್ರೀಸಿನ ಮುಸ್ಲಿಮರು ಇತ್ತ ಬಂದರು. ‘ಸ್ವದೇಶ’ವೆಂದು ಹೇಳಿ ಕಳುಹಿಸಿದ ನಾಡಿನಲ್ಲಿ ಅವರ ತಾಯ್ನುಡಿಯೇ ಪರಭಾಷೆಯಾಯಿತು.

ಮುಂಬಯಿ, ದೆಹಲಿಗಳಲ್ಲಿ ನೆಲೆಸಿದ ನಾವೂ ನುಡಿಯನ್ನು ಹೊತ್ತು ತಂದವರೇ. ಆದರೆ ನಮಗೆ ಊರಿನ ದಾರಿ ತೆರೆದೇ ಇದೆ. ಅವರಿಗೆ ಅದು ಕಾನೂನಿನಿಂದಲೇ ಮುಚ್ಚಿತ್ತು. ಬೆಳಗಿನ ಬಣ್ಣಗಳನ್ನು ತೋರಿಸುವ ಮಾರ್ಗದರ್ಶಿ ಕೆಳಗಿನ ಬರಿದಾದ ಗುಡಿಗಳ ಕಡೆಗೂ ಒಮ್ಮೆ ಕೈ ತೋರಿಸಿದರೆ ಆ ನೋಟ ಪೂರ್ಣವಾದೀತು.