ಮೂಲಕೃತಿ ಮತ್ತು ಅರ್ಥಗಾರಿಕೆ: ಹಳಗನ್ನಡ ಕಾವ್ಯದ ರಂಗರೂಪಗಳು ಹಾಗೂ ಹಾಸನ ಸೀಮೆಯ ಜನಪದ ಪರಂಪರೆ

ಪ್ರಾಚೀನ ಕೃತಿಗಳನ್ನು ಇಂದಿನ ಓದುಗನಿಗೆ ತಲುಪಿಸುವುದು ಹೇಗೆ ಎಂಬ ಪ್ರಶ್ನೆ ಯಾವುದೋ ಒಂದು ಭಾಷೆಗೆ ಮೀಸಲಾದುದಲ್ಲ. ಇಂಗ್ಲಿಷಿನಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ 1807ರಲ್ಲಿಯೇ ಎಳೆಯರಿಗಾಗಿ ಗದ್ಯಕಥೆಗಳನ್ನಾಗಿಸಿದರು. 2015ರಲ್ಲಿ ಅಮೆರಿಕದ ಆರೆಗನ್ ಷೇಕ್ಸ್‌ಪಿಯರ್ ಉತ್ಸವವು ಆತನ ನಾಟಕಗಳನ್ನು ಆಧುನಿಕ ಇಂಗ್ಲಿಷಿಗೆ ತರುವ ಹೊಣೆಯನ್ನು 36 ಮಂದಿ ನಾಟಕಕಾರರಿಗೆ ವಹಿಸಿದಾಗ ಅದರ ಪರವಾಗಿಯೂ ವಿರೋಧವಾಗಿಯೂ ತೀವ್ರವಾದ ಚರ್ಚೆ ನಡೆಯಿತು. ಮೂಲದ ಮಾತನ್ನು ಬದಲಿಸಿದ ಮೇಲೆ ಉಳಿಯುವುದು ಮೂಲಕೃತಿಯೇ ಎಂಬುದು ವಿರೋಧಿಗಳ ಪ್ರಶ್ನೆ. ಅರ್ಥವೇ ಆಗದ ಮಾತನ್ನು ಕೇಳಿಸುವುದರಿಂದ ಆಗುವ ಪ್ರಯೋಜನವೇನು ಎಂಬುದು ಪ್ರತಿಪಾದಕರ ಪ್ರಶ್ನೆ. ಇದೇ ಸಮಸ್ಯೆಯನ್ನು ಕನ್ನಡ ಸಮಾಜವು ಹೇಗೆ ಎದುರಿಸಿತು ಎಂಬುದನ್ನು ಹಾಸನ ಸೀಮೆಯನ್ನು ಕೇಂದ್ರವಾಗಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸೀಮೆ ಮತ್ತು ಸಾಹಿತ್ಯ

ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾಲಗಾಮೆ ಮತ್ತು ಅದರ ಸುತ್ತಣ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳನ್ನೊಳಗೊಂಡ ಭೂಭಾಗವು ಹಳಗನ್ನಡ ಸಾಹಿತ್ಯದ ಎರಡು ಮುಖ್ಯ ನೆಲೆಗಳಿಗೆ ಸಮೀಪವರ್ತಿಯಾಗಿದೆ. ಒಂದು, ಬೇಲೂರು ತಾಲ್ಲೂಕಿನ ಹಳೇಬೀಡು, ಅಂದರೆ ಹೊಯ್ಸಳರ ದೋರಸಮುದ್ರ. ಇಮ್ಮಡಿ ವೀರಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ಮುಂದೆ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದುದೂ ಅವನ ಮಗ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದುದೂ ಇದೇ ರಾಜಮನೆತನದ ಕಾಲದಲ್ಲಿ. ಎರಡು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ. ಅಲ್ಲಿನ ಚಿಕ್ಕಬೆಟ್ಟದ ಬಂಡೆಯ ಮೇಲೆ ಕೊರೆದಿರುವ ‘ಕವಿರತ್ನ’ ಎಂಬ ಹೆಸರು ರನ್ನನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಹೀಗೆ ರನ್ನನ ಹೆಸರು ಈ ಸೀಮೆಯ ಕಲ್ಲಿನಲ್ಲಿದೆ. ಆದರೆ ಅವನ ಕಾವ್ಯ ಈ ಸೀಮೆಯ ಸಾಮಾನ್ಯ ಜನರ ಕಿವಿಗೆ ಬೀಳುವುದು ಅಪರೂಪ. ಕುಮಾರವ್ಯಾಸ ಲಕ್ಷ್ಮೀಶರಾದರೋ ಊರೂರ ಜಗಲಿಗಳಲ್ಲಿ ಬಾಳಿದವರು. ಈ ವ್ಯತ್ಯಾಸಕ್ಕೆ ಭಾಷೆಯ ಕಾಠಿಣ್ಯವೊಂದೇ ಕಾರಣವೆನ್ನುವುದು ಸುಲಭ. ಪರಿಶೀಲಿಸಿದರೆ ಕಾರಣ ಅಷ್ಟು ಸರಳವಾದುದಲ್ಲವೆಂದು ತಿಳಿಯುತ್ತದೆ.

2. ಜನಪದರ ವಿಧಾನ: ಮೂಲದ ಮಗ್ಗುಲಲ್ಲಿ ಅರ್ಥ

ಹಳೆಯ ಮೈಸೂರು ಪ್ರಾಂತದಲ್ಲಿ ಮಳೆ ಹಿಂದೆಗೆದಾಗ ವಿರಾಟಪರ್ವವನ್ನು ಓದಿಸುವ ಪದ್ಧತಿಯಿತ್ತು. ಶ್ರಾವಣ ಮಾಸದಲ್ಲಿ ಭಾರತವನ್ನೋ ಜೈಮಿನಿಯನ್ನೋ ಓದಿಸುವುದು ಊರಿನ ಸಾಮೂಹಿಕ ಕಾರ್ಯವಾಗಿತ್ತು. ಜೈಮಿನಿ ಭಾರತದ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾದ ದೇವನೂರು ನೆರೆಯ ಕಡೂರು ತಾಲ್ಲೂಕಿನಲ್ಲಿಯೇ ಇದೆ. ಇಂತಹ ಓದಿನಲ್ಲಿ ಇಬ್ಬರ ಪಾತ್ರವುಂಟು. ಗಮಕಿಯು ಪದ್ಯವನ್ನು ರಾಗವಾಗಿ ವಾಚಿಸುತ್ತಾನೆ, ವ್ಯಾಖ್ಯಾನಕಾರನು ಅದರ ಅರ್ಥವನ್ನು ಆಡುಮಾತಿನಲ್ಲಿ ಬಿಡಿಸುತ್ತಾನೆ. ಹದಿನೈದನೆಯ ಶತಮಾನದ ಕುಮಾರವ್ಯಾಸನ ಭಾಷೆಯೂ ಇಂದಿನ ಕೃಷಿಕನಿಗೆ ಪೂರ್ತಿ ಸುಲಭವಾದುದಲ್ಲ. ಅಕ್ಷರ ಬಲ್ಲವರೇ ವಿರಳವಾಗಿದ್ದ ಕಾಲದಲ್ಲಿ ಅದು ಶತಮಾನಗಳವರೆಗೆ ಬಾಳಲು ಆಧಾರವಾದುದು ಈ ಇಬ್ಬರ ವ್ಯವಸ್ಥೆ.

ಮೂಡಲಪಾಯ ಯಕ್ಷಗಾನದಲ್ಲಿಯೂ ಇಂತಹುದೇ ವಿನ್ಯಾಸವಿದೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಬಯಲುಸೀಮೆಯಲ್ಲಿ ರೂಢಿಯಲ್ಲಿರುವ ಈ ಪ್ರಕಾರವನ್ನು ಕುರಿತು ಜೀ.ಶಂ. ಪರಮಶಿವಯ್ಯನವರು ನಡೆಸಿದ ಕ್ಷೇತ್ರಕಾರ್ಯವು ಮುಂದಿನ ಅಧ್ಯಯನಗಳಿಗೆ ತಳಹದಿಯಾಯಿತು. ಇಲ್ಲಿ ಭಾಗವತನು ಪದ್ಯವನ್ನು ಹಾಡುತ್ತಾನೆ. ಹಿಮ್ಮೇಳದವರು ಅದಕ್ಕೆ ದನಿಗೂಡಿಸುತ್ತಾರೆ. ಮದ್ದಳೆ, ಮುಖವೀಣೆ, ತಾಳಗಳು ಜೊತೆಗೂಡುತ್ತವೆ. ಬಳಿಕ ಪಾತ್ರಧಾರಿಯು ಗದ್ಯದಲ್ಲಿ ಮಾತನಾಡುತ್ತಾನೆ. ರಾಜಪಾತ್ರಗಳ ಮಾತು ಸಮಾಸಭೂಯಿಷ್ಠವಾಗಿ ಗ್ರಾಂಥಿಕವಾಗಿರುತ್ತದೆ. ಅವರನ್ನು ನೀವು ಯಾರು, ಎಲ್ಲಿಂದ ಬಂದಿರಿ ಎಂದು ಪ್ರಶ್ನಿಸುವ ಸಾರಥಿಯೂ ನಗಿಸುವ ಕೋಡಂಗಿಯೂ ನೆಲದ ನುಡಿಯನ್ನಾಡುತ್ತಾರೆ. ಅಂದರೆ ಪದ್ಯ, ಗ್ರಾಂಥಿಕ ಗದ್ಯ, ಆಡುಮಾತು ಎಂಬ ಮೂರು ಸ್ತರಗಳು ಒಂದೇ ರಂಗದಲ್ಲಿ ಏಕಕಾಲಕ್ಕೆ ಇರುತ್ತವೆ. ಒಂದು ಸ್ತರದಲ್ಲಿ ತಿಳಿಯದುದು ಇನ್ನೊಂದರಲ್ಲಿ ತಿಳಿಯುತ್ತದೆ.

ಈ ಎರಡು ನಿದರ್ಶನಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಜನಪದ ಪರಂಪರೆಯು ಅರ್ಥವನ್ನು ಮೂಲದ ಜಾಗದಲ್ಲಿ ಕೂರಿಸುವುದಿಲ್ಲ, ಅದರ ಮಗ್ಗುಲಲ್ಲಿ ಕೂರಿಸುತ್ತದೆ. ಅರ್ಥವು ದಿನದಿನಕ್ಕೂ ಊರಿನಿಂದೂರಿಗೂ ಬದಲಾಗಬಹುದು, ಪದ್ಯವು ಬದಲಾಗದು. ಆದುದರಿಂದಲೇ ಅರ್ಥಗಾರನಿಗೆ ಅಷ್ಟು ಸ್ವಾತಂತ್ರ್ಯ ದೊರೆಯಿತು.

3. ಗದಾಯುದ್ಧ: ನಾಟಕದಿಂದ ಕಾವ್ಯಕ್ಕೆ, ಕಾವ್ಯದಿಂದ ನಾಟಕಕ್ಕೆ

ರನ್ನನ ‘ಸಾಹಸಭೀಮವಿಜಯ’ ಅಥವಾ ‘ಗದಾಯುದ್ಧ’ವು ಹತ್ತು ಆಶ್ವಾಸಗಳ ಚಂಪೂಕಾವ್ಯ. ಚಾಲುಕ್ಯ ಯುವರಾಜ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಭಾರತ ಯುದ್ಧದ ಕೊನೆಯ ದಿನವನ್ನು ಕೇಂದ್ರವಾಗಿಸಿ, ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಹೇಳಿರುವ ಕೃತಿಯಿದು. ಭಾಸನ ‘ಊರುಭಂಗ’ ಮತ್ತು ಭಟ್ಟನಾರಾಯಣನ ‘ವೇಣೀಸಂಹಾರ’ ನಾಟಕಗಳ ಪ್ರಭಾವ ಇದರ ಮೇಲಿರುವುದನ್ನು ವಿಮರ್ಶಕರು ತೋರಿಸಿಕೊಟ್ಟಿದ್ದಾರೆ. ಸಂಭಾಷಣೆಯ ಪ್ರಾಚುರ್ಯ, ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನನಿಗೆ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳು ಒಂದೊಂದಾಗಿ ಎದುರಾಗುವ ದೃಶ್ಯಸರಣಿ, ಚಂಪೂವಿನಲ್ಲಿ ಅನಿರೀಕ್ಷಿತನಾದ ವಿದೂಷಕನ ಪಾತ್ರ — ಇವೆಲ್ಲವೂ ರಂಗದೃಷ್ಟಿಯನ್ನು ಸೂಚಿಸುತ್ತವೆ. ಬೇರೆ ಪರಂಪರೆಗೆ ಸೇರಿದವನಾದರೂ ಈ ವಿದೂಷಕನು ನಿರ್ವಹಿಸುವ ಕಾರ್ಯವು ಬಯಲಾಟದ ಕೋಡಂಗಿಯ ಕಾರ್ಯಕ್ಕೆ ಹತ್ತಿರವಾಗಿರುವುದು ಗಮನಾರ್ಹ. ವೀರರಸದ ಬಿಗಿಯನ್ನು ಸಡಿಲಿಸಿ ಕೇಳುಗನಿಗೆ ಉಸಿರಾಡಲು ಎಡೆಗೊಡುವವರು ಇಬ್ಬರೂ.

ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಪ್ರಕಟಿಸಿದ ‘ಗದಾಯುದ್ಧ ನಾಟಕಂ’ ಈ ಸುಪ್ತ ನಾಟಕೀಯತೆಯನ್ನು ಹೊರತೆಗೆಯಿತು. ಇಲ್ಲಿ ಶ್ರೀಯವರು ಕೈಗೊಂಡ ಕ್ರಮವನ್ನು ವಿಶೇಷವಾಗಿ ಪರಿಶೀಲಿಸಬೇಕು. ಹೊಸಗನ್ನಡ ಕಾವ್ಯಕ್ಕೆ ಹೊಸ ನುಡಿಯನ್ನು ರೂಪಿಸಿಕೊಟ್ಟ ಅವರು ರನ್ನನನ್ನು ಹೊಸಗನ್ನಡಕ್ಕೆ ತಿರುಗಿಸಲಿಲ್ಲ. ರನ್ನನ ಮಾತುಗಳನ್ನೇ ಆಯ್ದು, ವರ್ಣನೆಗಳನ್ನು ಕಳಚಿ, ದೃಶ್ಯಗಳಾಗಿ ಜೋಡಿಸಿದರು. ಬದಲಾದುದು ರೂಪ, ಉಳಿದುದು ಭಾಷೆ. ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬುದು ಕಣ್ಣೆದುರಿಗೆ ನಿಂತಾಗ ಪದದ ಅರ್ಥದ ಅರೆಪಾಲು ತಾನಾಗಿಯೇ ಹೊಳೆಯುತ್ತದೆ. ಕ್ಲಿಷ್ಟತೆಯು ಯಾವಾಗಲೂ ಶಬ್ದದಲ್ಲಿಯೇ ಇರುವುದಿಲ್ಲ, ಸಂದರ್ಭದ ಅಭಾವದಲ್ಲಿಯೂ ಇರುತ್ತದೆ ಎಂಬ ತಿಳಿವಳಿಕೆ ಈ ಕ್ರಮದ ಹಿಂದಿದೆ. ಸಾಫೊಕ್ಲಿಸನ ‘ಅಜಾಕ್ಸ್’ ನಾಟಕವನ್ನು ಆಧರಿಸಿ 1929ರಲ್ಲಿ ಅವರು ರಚಿಸಿದ ‘ಅಶ್ವತ್ಥಾಮನ್’ಗೆ ಹಳಗನ್ನಡವನ್ನೇ ಆರಿಸಿಕೊಂಡುದನ್ನೂ ಈ ಹಿನ್ನೆಲೆಯಲ್ಲಿ ನೋಡಬಹುದು.

4. ರೂಪಾಂತರಗಳ ಇನ್ನೆರಡು ಮಾದರಿ

ಇದಕ್ಕೆ ಭಿನ್ನವಾದ ಮಾದರಿಗಳೂ ಕನ್ನಡದಲ್ಲಿವೆ. ಚಿಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನು ಹರ್ಷನ ‘ರತ್ನಾವಳಿ’ಯನ್ನು ‘ಮಿತ್ರವಿಂದಾ ಗೋವಿಂದ’ವಾಗಿಸಿದಾಗ ಪಾತ್ರಗಳ ಹೆಸರುಗಳನ್ನೇ ಬದಲಿಸಿದನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಸವಪ್ಪ ಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಿಸಿದರು; ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯನ್ನಾಗಿ ಮಾರ್ಪಡಿಸಿದರು. ಎಂ.ಎಲ್. ಶ್ರೀಕಂಠೇಶಗೌಡರ ಕೈಯಲ್ಲಿ ‘ಮ್ಯಾಕ್‌ಬೆತ್’ ನಾಟಕವು ‘ಪ್ರತಾಪರುದ್ರದೇವ’ವಾಯಿತು. ಕುವೆಂಪು ಅವರು ‘ಹ್ಯಾಮ್ಲೆಟ್’ಅನ್ನು ಬಿದನೂರಿನ ಇತಿಹಾಸಕ್ಕೆ ಹೊಂದಿಸಿ ‘ರಕ್ತಾಕ್ಷಿ’ಯನ್ನು ಬರೆದರು. ಇಂಗ್ಲಿಷ್ ಪ್ರೇಕ್ಷಕನಿಗೆ ಅಡಿಟಿಪ್ಪಣಿಯಿಲ್ಲದೆ ಅರ್ಥವಾಗದ ಷೇಕ್ಸ್‌ಪಿಯರನು ಕನ್ನಡ ಪ್ರೇಕ್ಷಕನಿಗೆ ಮೊದಲಿನಿಂದಲೂ ತನ್ನ ಕಾಲದ ನುಡಿಯಲ್ಲಿಯೇ ದೊರೆತನೆಂಬುದು ಕುತೂಹಲಕರವಾದ ಸಂಗತಿ. ಗಿರೀಶ್ ಕಾರ್ನಾಡರು 1980ರಲ್ಲಿ ಜನ್ನನ ಕಥೆಯನ್ನಾಧರಿಸಿ ಬರೆದ ‘ಹಿಟ್ಟಿನ ಹುಂಜ’ವು ಇನ್ನೂ ಮುಂದಿನ ಹೆಜ್ಜೆ. ಅದು ಜನ್ನನನ್ನು ವಿವರಿಸುವುದಿಲ್ಲ, ಅವನೊಡನೆ ವಾದಿಸುತ್ತದೆ. ಸ್ವತಂತ್ರ ಕೃತಿಯಾಗಿಯೇ ಅದನ್ನು ಪರಿಗಣಿಸಬೇಕು.

ಎರಡನೆಯ ಮಾದರಿ ಗದ್ಯಾನುವಾದದ್ದು. ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವು ವ್ಯಾಸಭಾರತವನ್ನು ತಿಳಿಗನ್ನಡದಲ್ಲಿ ಮನೆಮನೆಗೆ ತಲುಪಿಸಿತು. ಹಳಗನ್ನಡ ಕಾವ್ಯಗಳ ಗದ್ಯರೂಪಗಳೂ ವಿದ್ಯಾರ್ಥಿಗಳಿಗೆ ಒದಗಿಬಂದವು. ಇವುಗಳ ಉಪಕಾರ ದೊಡ್ಡದು. ಆದರೆ ಹಳಗನ್ನಡದ ಗದ್ಯರೂಪವು ಮೂಲದಿಂದ ಬೇರ್ಪಟ್ಟು ಒಂಟಿಯಾಗಿ ನಿಂತಾಗ ನಷ್ಟವೂ ಉಂಟು. ‘ಕೂೞ್’ ಎಂಬ ಪದವನ್ನು ನೋಡಬಹುದು. ಹಳಗನ್ನಡದಲ್ಲಿ ಅದು ಗೌರವದ ಅನ್ನ. ಇಂದಿನ ಮಾತಿನಲ್ಲಿ ‘ಕೂಳು’ ಎಂಬುದು ತಿರಸ್ಕಾರಕ್ಕೆ ಸಲ್ಲುತ್ತದೆ. ಅನುವಾದಕನು ‘ಅನ್ನ’ ಎಂದು ಬರೆದರೆ ಅರ್ಥ ಸರಿಯಾಗುತ್ತದೆ, ಒಂದು ಪದದ ಏರಿಳಿತದ ಚರಿತ್ರೆ ಮರೆಯಾಗುತ್ತದೆ. ವ್ಯಾಖ್ಯಾನಕಾರನಾದರೆ ಎರಡನ್ನೂ ಹೇಳುತ್ತಾನೆ. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ಯು ವಿದ್ವತ್ತಿನ ನೆಲೆಯಲ್ಲಿ ಮಾಡಿರುವುದು ಈ ಕೆಲಸವನ್ನೇ.

5. ಉಪಸಂಹಾರ

ಮೇಲಿನ ವಿವೇಚನೆಯಿಂದ, ಹಳೆಯ ಕೃತಿಯನ್ನು ಸುಲಭಗೊಳಿಸಬೇಕೆ ಬೇಡವೆ ಎಂಬ ಪ್ರಶ್ನೆಗಿಂತ, ಸುಲಭಗೊಳಿಸಿದ ರೂಪವು ಮೂಲಕ್ಕೆ ಯಾವ ಸಂಬಂಧದಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯೇ ಮುಖ್ಯವೆಂದು ತೋರುತ್ತದೆ. ಕುಮಾರವ್ಯಾಸನಿಗೆ ಗಮಕಿಯೂ ವ್ಯಾಖ್ಯಾನಕಾರನೂ ದೊರೆತರು. ರನ್ನನಿಗೆ ಆ ಭಾಗ್ಯ ಬಹುಮಟ್ಟಿಗೆ ತರಗತಿಯ ಕೋಣೆಯೊಳಗೆ ಮಾತ್ರ ದೊರೆಯಿತು. ಅವನ ಕಾವ್ಯ ಜನರಿಂದ ದೂರ ಉಳಿದುದಕ್ಕೆ ಶಬ್ದಕಾಠಿಣ್ಯದಷ್ಟೇ ಈ ಆಡುವ, ಕೇಳುವ ಸಂದರ್ಭದ ಕೊರತೆಯೂ ಕಾರಣ.

ಇಂದು ಆಪತ್ತು ಇನ್ನೊಂದು ದಿಕ್ಕಿನಿಂದ ಬಂದಿದೆ. ಓದಿಸುವ ಪದ್ಧತಿ ಹಳ್ಳಿಗಳಲ್ಲಿ ಕ್ಷೀಣಿಸಿದೆ, ಮೂಡಲಪಾಯದ ಹಿರಿಯ ಭಾಗವತರು ಕಡಿಮೆಯಾಗುತ್ತಿದ್ದಾರೆ. ಪದ್ಯಗಳು ಮುದ್ರಣದಲ್ಲಿ ಉಳಿಯುತ್ತವೆ. ಆದರೆ ಅವುಗಳ ಮಗ್ಗುಲಲ್ಲಿ ತಲೆಮಾರುಗಳಿಂದ ಬೆಳೆದುಬಂದ ಅರ್ಥಗಾರಿಕೆ ಬರಹಕ್ಕಿಳಿದಿರುವುದು ಅತ್ಯಲ್ಪ. ಆಡಿದವರೊಡನೆಯೇ ಅದು ಮುಗಿದುಹೋಗುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಂತಹವರು ಇದೇ ಜಿಲ್ಲೆಯಲ್ಲಿ ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿ ಉಳಿಸಿದರು. ಹಾಡಿನ ಸಂಗ್ರಹಕ್ಕೆ ದೊರೆತ ಪ್ರಾಶಸ್ತ್ಯವು ಮಾತಿನ ಸಂಗ್ರಹಕ್ಕೆ ದೊರೆತಿಲ್ಲ. ಅರ್ಥಗಾರರ ಮಾತನ್ನು ಧ್ವನಿಮುದ್ರಿಸಿ, ಮೂಲಪದ್ಯದ ಎದುರುಪುಟದಲ್ಲಿಯೇ ಅದನ್ನು ಮುದ್ರಿಸುವ ಆವೃತ್ತಿಗಳು ಸಿದ್ಧವಾಗಬೇಕು. ಹಾಗಾದಲ್ಲಿ ಹಳಗನ್ನಡವನ್ನು ಬಲ್ಲವರಿಗೂ ಅರಿಯದವರಿಗೂ ಒಂದೇ ಪುಸ್ತಕ ಸಾಕಾಗುತ್ತದೆ. ಸಂಶೋಧನೆಗೂ ಗ್ರಂಥಾಲಯಗಳಿಗೂ ಸೇರಿದ ಈ ಕೆಲಸವನ್ನು ಅರ್ಥಗಾರರು ಇರುವಾಗಲೇ ಆರಂಭಿಸಬೇಕಾಗಿದೆ.